ಒಳಗನ್ನು ತೊಳೆಯುವ ನೀರು

ರಸಾಯನಜ್ಞ ಬಾಟಲಿಯ ಮುಚ್ಚಳ ತಿರುಗಿಸಿ ಮೂಸಿ ನೋಡಿದ. ಇನ್ಸ್‌ಪೆಕ್ಟರ್ ಬೇಡ ಎನ್ನುವಷ್ಟರಲ್ಲಿ ಒಂದು ಗುಟುಕು ಕುಡಿದೂಬಿಟ್ಟ.

"ಹೆದರಬೇಡಿ, ನಿನ್ನೇನೇ ಪರೀಕ್ಷೆ ಮಾಡಿದ್ದೀನಿ," ಎಂದ. "ನಿಂಬೆಹುಳಿ, ಸಕ್ಕರೆ, ಚಿಟಿಕೆ ಉಪ್ಪು, ಬಣ್ಣಕ್ಕೆ ಒಂದಿಷ್ಟು ವಿಟಮಿನ್. ಬಿಸಿಲಲ್ಲಿ ನಡೆದು ಬಂದವರಿಗೆ ಕೊಡಬಹುದು."

ಅವಳು ನಗಲಿಲ್ಲ. ಬಂದರಿನ ಕ್ರೇನ್‌ನಿಂದ ಕಂಟೇನರ್ ಜಾರಿ ಬಿದ್ದು, ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ ಮೇಸ್ತ್ರಿ ಸತ್ತ ಪ್ರಕರಣ ಈಗ ಈ ಹಳದಿ ನೀರಿನ ಮುಂದೆ ಬಂದು ನಿಂತಿತ್ತು.

ಕ್ರೇನ್ ನಡೆಸುತ್ತಿದ್ದವನನ್ನು ಬಂದರಿನಲ್ಲಿ ಎಲ್ಲರೂ ‘ಮೋಡ’ ಎಂದು ಕರೆಯುತ್ತಿದ್ದರು. ಆಕಾಶದಲ್ಲಿ ಕೂತು ಕೆಲಸ ಮಾಡುವವನಾದ್ದರಿಂದ ಆ ಹೆಸರು ಎಂದು ಕೆಲವರು; ಬಾಯಿಂದ ಬಿಡುತ್ತಿದ್ದ ಹೊಗೆಯಿಂದ ಎಂದು ಉಳಿದವರು. ಅವನು ಗಾಂಜಾ ಸೇದುತ್ತಾನೆಂಬುದು ಗುಟ್ಟೇನೂ ಆಗಿರಲಿಲ್ಲ. ಬಂದರಿನ ನಿಯಮದಂತೆ, ಅಪಘಾತವಾದ ಕೂಡಲೇ ಆ ಪಾಳಿಯಲ್ಲಿದ್ದ ಎಲ್ಲರ ಮೂತ್ರವನ್ನೂ ಪರೀಕ್ಷೆಗೆ ತೆಗೆದುಕೊಂಡಿದ್ದರು. ಮೋಡನ ವರದಿ ಸ್ವಚ್ಛವಾಗಿ ಬಂದಿತ್ತು.

ಆದರೆ ಅವನ ಲಾಕರ್‌ನಲ್ಲಿ ಈ ಪೇಯದ ಖಾಲಿ ಬಾಟಲಿಯೊಂದು ಸಿಕ್ಕಿತ್ತು. ಅದರ ಮೇಲೆ ಅವನದೇ ಬೆರಳ ಗುರುತು. ಅದನ್ನು ಮಾಡಿ ಮಾರುವವಳು ಅವನ ಸ್ವಂತ ಅಕ್ಕ. ‘ಒಂದೇ ಬಾಟಲಿ, ಒಳಗೆಲ್ಲ ಶುದ್ಧ’ ಎಂದು ಅಂಗಡಿಯ ಮುಂದೆ ಬೋರ್ಡು ಬೇರೆ.

ಬಂದರಿನ ಮ್ಯಾನೇಜರ್‌ಗೆ ಅಷ್ಟೇ ಸಾಕಾಗಿತ್ತು. ಅಮಲಿನಲ್ಲಿದ್ದವನು ಕಂಟೇನರ್ ಬೀಳಿಸಿದ, ಆಮೇಲೆ ಇದನ್ನು ಕುಡಿದು ಪರೀಕ್ಷೆ ಮಾಡುವವರ ಕಣ್ಣಿಗೆ ಮಣ್ಣೆರಚಿದ ಎನ್ನುವುದು ಅವನ ವಾದ. ವಾದ ಗೆದ್ದರೆ ಬ್ರೇಕಿನ ಬಗ್ಗೆ ಯಾರೂ ಕೇಳುವುದಿಲ್ಲ. ಆ ಕ್ರೇನಿನ ಬ್ರೇಕು ಜಾರುತ್ತಿದೆ ಎಂದು ಸತ್ತ ಮೇಸ್ತ್ರಿ ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ್ದ. ಇದನ್ನು ಹೀಗೇ ಬಿಟ್ಟರೆ ಒಂದು ದಿನ ಯಾರದೋ ಜೀವ ಹೋಗುತ್ತದೆ ಎಂದು ಮನೆಯಲ್ಲೂ ಊಟದ ತಟ್ಟೆಯ ಮುಂದೆ ಗೊಣಗುತ್ತಿದ್ದನೆಂದು ಅವನ ಹೆಂಡತಿ ಹೇಳಿದ್ದಳು.

ಹಾಗಾಗಿ ಇನ್ಸ್‌ಪೆಕ್ಟರ್ ಕೇಳಬೇಕಾದ ಪ್ರಶ್ನೆ ಒಂದೇ ಉಳಿದಿತ್ತು.

"ಇದು ಕೆಲಸ ಮಾಡುತ್ತಾ?"

ರಸಾಯನಜ್ಞ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದ. ನಿವೃತ್ತಿಗೆ ಹತ್ತಿರವಾಗಿದ್ದ ಮನುಷ್ಯ. ಅವಸರದ ಉತ್ತರಗಳನ್ನು ಕೊಡುವ ವಯಸ್ಸನ್ನು ಯಾವತ್ತೋ ದಾಟಿದ್ದ.

ಗಾಂಜಾದ ಅಂಶ ನೀರಿನಲ್ಲಿ ಕರಗುವ ಪೈಕಿ ಅಲ್ಲ ಎಂದು ಅವನು ವಿವರಿಸಿದ. ಅದು ಮೈಯ ಕೊಬ್ಬಿನಲ್ಲಿ ಹೋಗಿ ಕೂರುತ್ತದೆ. ಅಲ್ಲಿಂದ ತನ್ನ ಪಾಡಿಗೆ ತಾನು, ಚೂರುಚೂರೇ ಹೊರಗೆ ಬರುತ್ತದೆ. ದಿನವೂ ಸೇದುವವನಲ್ಲಿ ವಾರಗಟ್ಟಲೆ ಬರುತ್ತಲೇ ಇರುತ್ತದೆ. ಅದನ್ನು ಓಡಿಸುವ ಪೇಯ ಯಾವುದೂ ಅವನಿಗೆ ಗೊತ್ತಿರಲಿಲ್ಲ.

"ಜಿಡ್ಡು ಹಿಡಿದ ಬಾಣಲೆಗೆ ತಣ್ಣೀರು ಹೊಯ್ದ ಹಾಗೆ," ಎಂದ. "ನೀರು ಹೋಗುತ್ತೆ, ಜಿಡ್ಡು ಅಲ್ಲೇ ಇರುತ್ತೆ."

"ಆದರೂ ಜನ ಪಾಸಾಗ್ತಾರಂತಲ್ಲ?"

ಆಗುತ್ತಾರೆ, ಅವನು ಒಪ್ಪಿಕೊಂಡ. ಇಂಥದ್ದನ್ನು ಕುಡಿ, ಮೇಲೆ ಬಿಂದಿಗೆಗಟ್ಟಲೆ ನೀರು ಕುಡಿ ಎನ್ನುತ್ತಾರೆ. ಕುಡಿದರೆ ಮೂತ್ರ ತೆಳ್ಳಗಾಗುತ್ತದೆ. ಹೇಗೂ ಸ್ವಲ್ಪವೇ ಉಳಿದಿದ್ದವನು ಅಂಚಿನಲ್ಲಿ ಪಾರಾದರೂ ಆದ. ಬರೀ ನಲ್ಲಿ ನೀರು ಕುಡಿದಿದ್ದರೂ ಅಷ್ಟೇ ಆಗುತ್ತಿತ್ತು. ಮಿಕ್ಕಿದ್ದೆಲ್ಲ ವೇಷ. ಮೂತ್ರ ನೀರಿನಂತೆ ಕಂಡರೆ ಅನುಮಾನ ಬರುತ್ತದೆಂದು ಹಳದಿ ಬಣ್ಣಕ್ಕೆ ವಿಟಮಿನ್ ಹಾಕುತ್ತಾರೆ. ಆದರೆ ಲ್ಯಾಬಿನವರು ಬಣ್ಣ ನೋಡಿ ಬಿಡುವುದಿಲ್ಲ; ಮೂತ್ರ ಎಷ್ಟು ಗಟ್ಟಿ ಎಂದೂ ಅಳೆಯುತ್ತಾರೆ. ತೆಳುವಾಗಿದ್ದರೆ ಇನ್ನೊಮ್ಮೆ ಕೊಡಿ ಎಂದು ವಾಪಸ್ ಕಳಿಸುತ್ತಾರೆ.

"ಇವನದು ತೆಳುವಾಗಿತ್ತಾ?"

"ಅದನ್ನೇ ಹೇಳೋಕೆ ನಿಮ್ಮನ್ನ ಕರೆಸಿದ್ದು." ಅವನು ಬಾಟಲಿಯನ್ನು ಮೇಜಿನ ಮೇಲಿಟ್ಟ. "ತೆಳು ಹಾಗಿರಲಿ, ಬೆಳಗಿಂದ ಒಂದು ಲೋಟ ನೀರನ್ನೂ ಸರಿಯಾಗಿ ಕುಡೀದೆ ಬಿಸಿಲಲ್ಲಿ ದುಡಿದವನ ಮೂತ್ರ ಅದು. ಗಟ್ಟಿ. ಗಾಂಜಾದ ಸುಳಿವಿಲ್ಲ. ಈ ವಿಟಮಿನ್ ಇಷ್ಟು ಕುಡಿದಿದ್ದರೆ ಅದೂ ಕಾಣಬೇಕಿತ್ತು, ಕಾಣಲಿಲ್ಲ."

ಬೇರೆ ಯಾರದೋ ಮೂತ್ರ ಕೊಟ್ಟಿರಬಹುದಲ್ಲ ಎಂದು ಅವಳು ಕೇಳಿದಳು. ಅದನ್ನು ಅವನು ಮೊದಲೇ ವಿಚಾರಿಸಿಯಾಗಿತ್ತು. ಬಂದರಿನ ನರ್ಸ್ ಬಾಗಿಲ ಬಳಿಯೇ ನಿಂತಿದ್ದಳು, ಜೇಬು ತಪಾಸಣೆಯಾಗಿತ್ತು, ಮೈಯ ಬಿಸಿಯಿನ್ನೂ ಆರದಿದ್ದ ಮೂತ್ರವನ್ನು ಅವಳೇ ಮುಚ್ಚಿ ಮುದ್ರೆ ಹಾಕಿದ್ದಳು.

"ಹಾಗಾದರೆ?"

"ಹಾಗಾದರೆ ಎರಡು ಮಾತು ಖಂಡಿತ. ಈ ಹುಡುಗ ಸೇದೋದನ್ನ ಬಿಟ್ಟು ವಾರಗಟ್ಟಲೆ ಆಗಿದೆ. ಮತ್ತೆ, ಆ ಬಾಟಲಿ ಖಾಲಿಯಾಗಿರಬಹುದು, ಇವನ ಹೊಟ್ಟೆಗಂತೂ ಹೋಗಿಲ್ಲ."

* * *

ಬಂದರಿನ ಬಟ್ಟೆ ಬದಲಿಸುವ ಕೋಣೆ ಉದ್ದವಾಗಿ, ಕಿರಿದಾಗಿತ್ತು. ಒಂದು ಪಕ್ಕಕ್ಕೆ ಬೂದು ಬಣ್ಣದ ಲಾಕರ್‌ಗಳು, ಇನ್ನೊಂದು ಪಕ್ಕಕ್ಕೆ ಬೆಂಚು, ಕೊನೆಯಲ್ಲಿ ಕೈ ತೊಳೆಯುವ ಬೇಸಿನ್ನು. ಗ್ರೀಸಿನ ವಾಸನೆ, ಒದ್ದೆ ಸಾಕ್ಸಿನ ವಾಸನೆ. ಸತ್ತ ಮೇಸ್ತ್ರಿಯ ಲಾಕರ್‌ಗೆ ಯಾರೋ ಒಂದು ಹೂವು ಸಿಕ್ಕಿಸಿದ್ದರು. ಅದು ಆಗಲೇ ಬಾಡಿತ್ತು.

ಮ್ಯಾನೇಜರ್ ಜೊತೆಗೇ ಬಂದಿದ್ದ. ತೊಳೆದ ಮುತ್ತಿನಂಥ ಅಂಗಿ, ಮೆತ್ತನೆಯ ಮಾತು. ಆ ಪೇಯ ಎಷ್ಟು ಅಪಾಯಕಾರಿ, ಇಂಥದ್ದರಿಂದ ದುಡಿಯುವ ಜನ ಹೇಗೆ ಹಾಳಾಗುತ್ತಿದ್ದಾರೆ ಎಂದು ನಡೆಯುತ್ತಲೇ ಹೇಳುತ್ತಿದ್ದ. ಬ್ರೇಕಿನ ಬಗ್ಗೆ ಕೇಳಿದ್ದಕ್ಕೆ, ಮೇಸ್ತ್ರಿಯದು ಒಳ್ಳೆಯ ಕೈ, ಆದರೆ ಎಲ್ಲದಕ್ಕೂ ಗೊಣಗುವ ಸ್ವಭಾವ ಎಂದ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ನೋಡಿ, ಎಂದು ಕೊನೆಗೊಂದು ಸೇರಿಸಿದ.

ಇನ್ಸ್‌ಪೆಕ್ಟರ್ ಬೇಸಿನ್ನಿನ ಮುಂದೆ ಬಗ್ಗಿದಳು. ಬಿಳಿ ಪಿಂಗಾಣಿ. ಕೆಳಗೆ ಕೊಳವೆ ಸೇರುವ ಜಾಗದಲ್ಲಿ, ಸೀಳಿನೊಳಗೆ, ಅರಿಶಿನದಂಥ ಒಂದು ಗೆರೆ ಉಳಿದುಕೊಂಡಿತ್ತು.

ನೆಲ ಒರೆಸುವ ಹೆಂಗಸನ್ನು ಕರೆಸಿ ಕೇಳಿದ್ದಾಯಿತು. ಯಾರೋ ಏನೋ ಸುರಿದು ನೀರೂ ಬಿಡದೆ ಹೋಗಿದ್ದರು, ತಿಕ್ಕಿ ತಿಕ್ಕಿ ಸಾಕಾಯಿತು ಎಂದು ಅವಳು ಬೈದುಕೊಂಡಳು. ಯಾವಾಗ ಎಂದರೆ, ಕಂಟೇನರ್ ಬಿದ್ದ ದಿನವೇ. ಬಿದ್ದ ಮೇಲಲ್ಲ, ಬೆಳಿಗ್ಗೆ ಪಾಳಿ ಶುರುವಾಗುವ ಹೊತ್ತಿಗೆ. ಕಂಟೇನರ್ ಬಿದ್ದ ಮೇಲೆ ಪೊಲೀಸರು ಬರುವವರೆಗೂ ಆ ಕೋಣೆಗೆ ಬೀಗವಿತ್ತು.



ಅಲ್ಲಿಂದ ಇನ್ಸ್‌ಪೆಕ್ಟರ್ ಮೋಡನ ಬಳಿ ಹೋದಳು. ಬಂಧನದ ಕೋಣೆಯಲ್ಲಿ ಅವನು ತನ್ನ ಅಂಗೈಗಳನ್ನೇ ನೋಡುತ್ತ ಕೂತಿದ್ದ. ಎತ್ತರದಲ್ಲಿ ಕೂತು ಅಭ್ಯಾಸವಾದವನು ನೆಲದ ಮೇಲೆ ಚಿಕ್ಕವನಾಗಿ ಕಂಡ. ಮೊದಲ ದಿನ ಹೇಳಿದ್ದನ್ನೇ ಹೇಳಿದ: ಬಾಟಲಿಯನ್ನು ಯಾವತ್ತೋ ತಂದು ಲಾಕರ್‌ನಲ್ಲಿ ಇಟ್ಟುಕೊಂಡಿದ್ದೆ, ಅಪಘಾತವಾದ ಮೇಲೆ ಹೆದರಿ ಕುಡಿದೆ, ಅಕ್ಕನಿಗೆ ಏನೂ ಗೊತ್ತಿಲ್ಲ.

ಬೇಸಿನ್ನಿನ ಸುದ್ದಿಯನ್ನು ಅವಳು ಎತ್ತಲಿಲ್ಲ. ಸೇದುವುದನ್ನು ಯಾವಾಗ ಬಿಟ್ಟೆ ಎಂದಷ್ಟೇ ಕೇಳಿದಳು.

ಅವನು ಥಟ್ಟನೆ ತಲೆ ಎತ್ತಿದ. ಯಾರಿಗೂ ಕಾಣಬಾರದ್ದನ್ನು ಕಂಡುಬಿಟ್ಟಳೇನೋ ಎಂಬ ನೋಟ. ಆಮೇಲೆ ಮತ್ತೆ ಅಂಗೈಗಳಿಗೆ ಮರಳಿದ.

"ಕಂಟೇನರ್ ಇಳಿಸೋ ಹಿಡಿ ನನ್ನ ಕೈಲಿತ್ತು ಮೇಡಂ," ಎಂದ. "ಮಿಕ್ಕಿದ್ದು ಏನಾದರೇನು?"

ಹೊರಗೆ ಬಂದು ಅವಳು ಕಾರು ಹತ್ತಿದಳು. ಮಾಡಿದ ತಪ್ಪನ್ನು ಮುಚ್ಚಿಡುವವರನ್ನು ಅವಳು ದಿನವೂ ನೋಡುತ್ತಿದ್ದಳು. ಮಾಡದ ತಪ್ಪನ್ನು ಮೈಮೇಲೆ ಹಾಕಿಕೊಳ್ಳುವವನು ಅಪರೂಪ. ಅಂಥವನ ಬೆನ್ನ ಹಿಂದೆ ಯಾವಾಗಲೂ ಇನ್ನೊಬ್ಬರು ಇರುತ್ತಾರೆ.

* * *

ಅಕ್ಕನ ಅಂಗಡಿ ಬಂದರಿನ ಗೇಟಿನ ಎದುರಿಗೇ ಇತ್ತು. ಒಂದೇ ಬಾಗಿಲು, ಎರಡು ಸ್ಟೂಲು, ಹಣ್ಣಿನ ರಸ ತೆಗೆಯುವ ಯಂತ್ರ. ಗೋಡೆಯ ಹಲಗೆಯ ಮೇಲೆ ಹಳದಿ ಬಾಟಲಿಗಳು ಸಾಲಾಗಿ ನಿಂತಿದ್ದವು. ಸಂಜೆಯ ಹೊತ್ತು ಗಿರಾಕಿಗಳಿಂದ ಗಿಜಿಗುಡಬೇಕಿದ್ದ ಜಾಗದಲ್ಲಿ ನೊಣವೂ ಇರಲಿಲ್ಲ. ಬೋರ್ಡಿನ ಮೇಲೆ ಯಾರೋ ಕೆಸರು ಎರಚಿದ್ದರು. ಅಕ್ಕ ಅದನ್ನು ಒರೆಸಿರಲಿಲ್ಲ.

ತಾಯಿ ತೀರಿಕೊಂಡ ಮೇಲೆ ತಮ್ಮನನ್ನು ಸಾಕಿದವಳು ಇವಳೇ. ಬಂದರಿನ ದೊಡ್ಡವರೂ ಚಿಕ್ಕವರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಇನ್ಸ್‌ಪೆಕ್ಟರ್ ಕೂಡ ಬೇರೆ ಹೆಸರು ಹುಡುಕಲಿಲ್ಲ.

"ಅಕ್ಕ, ಒಂದೇ ಮಾತು ಕೇಳ್ತೀನಿ. ಈ ಬಾಟಲಿ ಕೆಲಸ ಮಾಡುತ್ತಾ?"

ಅಕ್ಕ ಕೈಲಿದ್ದ ಬಟ್ಟೆಯಿಂದ ಮೊದಲೇ ಶುಚಿಯಾಗಿದ್ದ ಕಟ್ಟೆಯನ್ನು ಒರೆಸಿದಳು.

ಅವಳ ಕಷ್ಟ ಇನ್ಸ್‌ಪೆಕ್ಟರ್‌ಗೆ ಅರ್ಥವಾಗದೇ ಇರಲಿಲ್ಲ. ಅಡಕತ್ತರಿಗೆ ಸಿಕ್ಕ ಅಡಕೆಯ ಪಾಡು. ಕೆಲಸ ಮಾಡುತ್ತದೆ ಎಂದರೆ ತಮ್ಮ ಜೈಲಿಗೆ. ಮಾಡುವುದಿಲ್ಲ ಎಂದರೆ ಇಷ್ಟು ದಿನ ಊರಿಗೆಲ್ಲ ಬಣ್ಣದ ನೀರು ಮಾರಿದ ಮೋಸಗಾತಿ ತಾನು.

"ಪಾಸಾದವರು ಬಂದು ಕೈ ಮುಗಿದು ಹೋಗಿದ್ದಾರೆ," ಎಂದಳು ಅಕ್ಕ ಕೊನೆಗೆ.

"ಫೇಲಾದವರು?"

"ಅವರು ಬರಲ್ಲ."

"ಯಾಕೆ?"

"ಏನಂತ ಬರ್ತಾರೆ ಮೇಡಂ? ಕದ್ದ ಮಾಲು ಕಳೆದುಹೋಯ್ತು ಅಂತ ಯಾರಾದರೂ ದೂರು ಕೊಡ್ತಾರಾ?"

ಹೇಳಿದ ಮೇಲೆ ತಾನೇನು ಹೇಳಿದೆ ಎಂಬುದು ಅವಳಿಗೇ ಹೊಳೆಯಿತು. ಹಾಗೇ ಸ್ಟೂಲಿನ ಮೇಲೆ ಕುಸಿದು ಕೂತಳು.

ಆಮೇಲೆ ಅವಳು ಬಿಚ್ಚಿ ಹೇಳಿದಳು. ಶುರುವಿನಲ್ಲಿ ಅದು ದಣಿವಾರಿಸುವ ನಿಂಬೆ ನೀರಷ್ಟೇ. ಯಾರೋ ಒಬ್ಬ ಅದನ್ನು ಕುಡಿದ ದಿನವೇ ಪರೀಕ್ಷೆಯಲ್ಲಿ ಪಾಸಾಗಿ ಬಂದು, ನಿನ್ನ ಕೈಗುಣ ಅಕ್ಕ ಎಂದ. ಮರುದಿನ ಇಬ್ಬರು ಬಂದರು. ಔಷಧಿ ಅಂಗಡಿಯವನು ವಿಟಮಿನ್ ಪುಡಿ ಹಾಕು, ಬಣ್ಣ ಬರುತ್ತದೆ ಎಂದ. ಬೋರ್ಡು ಬರೆದುಕೊಟ್ಟವನು ‘ಶುದ್ಧ’ ಎಂಬ ಮಾತು ಸೇರಿಸಿದ. ಸುಳ್ಳು ಹೇಳಬೇಕೆಂದು ಹೊರಟವಳಲ್ಲ ಅವಳು. ಹತ್ತು ಜನ ನಿಜ ಎಂದಮೇಲೆ ತಾನೂ ನಂಬಿದಳು. ತನ್ನ ಕೈಯಡುಗೆಯನ್ನು ತಾನೇ ನಂಬದಿದ್ದರೆ ಹೇಗೆ?

"ಅಷ್ಟಕ್ಕೂ ನನ್ನ ತಮ್ಮನೇ ಪಾಸಾದನಲ್ಲ ಮೇಡಂ. ದಿನಾ ಸೇದೋನು. ಇದು ಸುಳ್ಳಾದರೆ ಅವನು ಹೇಗೆ ಪಾಸಾದ?"

ಇನ್ಸ್‌ಪೆಕ್ಟರ್ ಇನ್ನೊಂದು ಸ್ಟೂಲನ್ನು ಎಳೆದುಕೊಂಡು ಅವಳ ಎದುರು ಕೂತಳು. ಇಂಥ ಮಾತನ್ನು ನಿಂತುಕೊಂಡು ಹೇಳುವುದು ಸರಿಯಲ್ಲ ಎನ್ನಿಸಿತು.

"ಅವನು ಇದನ್ನ ಕುಡೀಲೇ ಇಲ್ಲ ಅಕ್ಕ. ಬೇಸಿನ್ನಿಗೆ ಸುರಿದುಬಿಟ್ಟ. ಅವನಿಗೆ ಬೇಕಾಗಿರಲಿಲ್ಲ. ಸೇದೋದು ಬಿಟ್ಟು ವಾರಗಟ್ಟಲೆ ಆಗಿದೆ."

ಬೀದಿಯಲ್ಲಿ ಒಂದು ಲಾರಿ ಹಾದುಹೋಯಿತು. ಹಲಗೆಯ ಮೇಲಿನ ಬಾಟಲಿಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡಿದವು.

"ಬಿಟ್ಟಿದ್ದನಾ?" ಎಂದಳು ಅಕ್ಕ.

"ಹೌದು."

"ನನಗೆ ಹೇಳಲಿಲ್ಲ."

ಯಾಕೆ ಹೇಳಲಿಲ್ಲ ಎಂಬುದಕ್ಕೆ ಉತ್ತರವನ್ನು ಅಕ್ಕನೇ ಹುಡುಕಿಕೊಂಡಳು. ಬಿಟ್ಟೆ ಬಿಟ್ಟೆ ಎಂದು ಅವನು ಅದೆಷ್ಟು ಸಲ ಹೇಳಿದ್ದನೋ, ಅಷ್ಟೂ ಸಲ ಮಾತಿಗೆ ತಪ್ಪಿದ್ದ. ಕೊನೆಯ ಸಲ ಅವಳು ಊಟ ಬಡಿಸುತ್ತ, ನೀನು ಬಿಟ್ಟ ದಿನ ನಾನು ಕತ್ತೆಗೆ ಕೊಂಬು ಕಟ್ಟಿ ಮೆರವಣಿಗೆ ಮಾಡಿಸುತ್ತೇನೆ ಎಂದು ನಕ್ಕಿದ್ದಳು. ಅವನೂ ನಕ್ಕಿದ್ದ. ಆಮೇಲೆ ಆ ಸುದ್ದಿ ಎತ್ತಿರಲಿಲ್ಲ.

ಈಗ ಯೋಚಿಸಿದರೆ ಎಲ್ಲವೂ ಕಣ್ಣ ಮುಂದೆಯೇ ಇತ್ತು. ಅವನ ಅಂಗಿಗಳಲ್ಲಿ ವಾಸನೆ ಇರಲಿಲ್ಲ. ರಜೆಯ ದಿನ ಬೇಗ ಏಳುತ್ತಿದ್ದ. ಕೆಲವು ರಾತ್ರಿ ನಿದ್ದೆ ಬಾರದೆ ಹಿತ್ತಿಲಲ್ಲಿ ಅಡ್ಡಾಡುತ್ತಿದ್ದ, ಮೈ ಬೆವರುತ್ತಿತ್ತು. ಹೆಚ್ಚು ಸೇದಿದ್ದಾನೆ ಎಂದುಕೊಂಡು ಅವಳು ಬೈದಿದ್ದಳು. ಬಿಡುವುದಕ್ಕೆ ಒದ್ದಾಡುತ್ತಿದ್ದವನನ್ನು ಸೇದಿದ್ದೀಯ ಎಂದು ಬೈದಿದ್ದಳು.

ಅಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಇನ್ಸ್‌ಪೆಕ್ಟರ್ ಬಾಗಿಲಿನ ಕಡೆ ನೋಡುತ್ತ ಕಾದಳು.

ಸ್ವಲ್ಪ ಹೊತ್ತಿನ ಮೇಲೆ ಅಕ್ಕ ಎದ್ದು, ಬಾಟಲಿಗಳನ್ನು ಒಂದೊಂದಾಗಿ ಹಲಗೆಯಿಂದ ಇಳಿಸತೊಡಗಿದಳು. ಇದು ಏನೂ ಮಾಡುವುದಿಲ್ಲ, ಬರೀ ನೀರು ಎಂದು ಎಲ್ಲಿ ಬೇಕಾದರೂ ಹೇಳುತ್ತೇನೆ ಎಂದಳು. ಜನ ಉಗಿಯಲಿ. ತಮ್ಮ ಹೊರಗೆ ಬಂದರೆ ಸಾಕು.

ಒಂದು ವಾದ ಅಲ್ಲಿಗೆ ಮುಗಿದಿತ್ತು. ಪೇಯ ಕೆಲಸ ಮಾಡುವುದಿಲ್ಲ, ಆದ್ದರಿಂದ ವರದಿ ನಿಜ. ವರದಿ ನಿಜ, ಆದ್ದರಿಂದ ಮೋಡ ಅಮಲಿನಲ್ಲಿರಲಿಲ್ಲ. ಇನ್ನು ಬ್ರೇಕಿನ ಪ್ರಶ್ನೆಯಿಂದ ಮ್ಯಾನೇಜರ್ ನುಣುಚಿಕೊಳ್ಳುವಂತಿಲ್ಲ. ಇನ್ಸ್‌ಪೆಕ್ಟರ್ ಎದ್ದು ಹೊರಡಬಹುದಿತ್ತು. ಆದರೆ ಬೇಸಿನ್ನಿನ ಹಳದಿ ಗೆರೆ ಅವಳನ್ನು ಬಿಡಲಿಲ್ಲ.

ಗಾಂಜಾ ಬಿಟ್ಟವನು ಬಾಟಲಿಯನ್ನು ಲಾಕರ್‌ನಲ್ಲಿ ಯಾಕೆ ಇಟ್ಟುಕೊಂಡಿರುತ್ತಾನೆ? ಅದೇ ದಿನ ಬೆಳಿಗ್ಗೆ ಯಾರೋ ಅವನ ಕೈಗೆ ಕೊಟ್ಟಿರಬೇಕು. ಬೇಡವಾದ್ದರಿಂದ ಅವನು ಸುರಿದಿರಬೇಕು. ಕೊಟ್ಟವರು ಯಾರೆಂದು ಹೇಳಲಾರದೆ, ಕುಡಿದೆ ಎಂದು ಸುಳ್ಳು ಹೇಳುತ್ತಿರಬೇಕು.

"ಅಕ್ಕ, ಅವತ್ತು ಬೆಳಿಗ್ಗೆ ಬಾಟಲಿ ಕೊಟ್ಟಿದ್ದು ನೀವೇ ಅಲ್ವಾ?"

ಅಕ್ಕ ಕೈಲಿದ್ದ ಬಾಟಲಿಯನ್ನು ಕಟ್ಟೆಯ ಮೇಲಿಟ್ಟಳು.

"ಊಟದ ಡಬ್ಬಿಯ ಜೊತೆ ಇಟ್ಟುಕೊಟ್ಟೆ," ಎಂದಳು ತಗ್ಗಿದ ದನಿಯಲ್ಲಿ. "ಇವತ್ತು ಎಲ್ಲರಿಗೂ ಪರೀಕ್ಷೆ ಇದೆ, ಪಾಳಿಗೆ ಹತ್ತೋ ಮುಂಚೆ ಕುಡಿ ಅಂತ ಹೇಳಿದ್ದೆ."

ಈ ಬಂದರಿನಲ್ಲಿ ಆಗಾಗ ಒಬ್ಬೊಬ್ಬರನ್ನು ಕರೆದು ಪರೀಕ್ಷಿಸುವುದು ಇತ್ತು; ಪಾಳಿಯವರಿಗೆಲ್ಲ ಒಟ್ಟಿಗೆ ಪರೀಕ್ಷೆ ಮಾಡುವುದು ಅಪಘಾತವಾದಾಗ ಮಾತ್ರ. ಆ ಬೆಳಿಗ್ಗೆ ಇನ್ನೂ ಏನೂ ಬಿದ್ದಿರಲಿಲ್ಲ, ಯಾರೂ ಸತ್ತಿರಲಿಲ್ಲ. ಕೋಣೆಯಲ್ಲಿ ಅಂಗೈ ನೋಡಿಕೊಂಡು ಕೂತ ತಮ್ಮ ಇಷ್ಟು ದಿನ ಲೆಕ್ಕ ಹಾಕುತ್ತಿದ್ದದ್ದು ಇದನ್ನೇ: ಅಪಘಾತವಾಗುತ್ತದೆಂದು ನನ್ನ ಅಕ್ಕನಿಗೆ ಮೊದಲೇ ಹೇಗೆ ಗೊತ್ತಿತ್ತು?

"ಪರೀಕ್ಷೆ ಇದೆ ಅಂತ ನಿಮಗೆ ಹೇಳಿದ್ದು ಯಾರು?"

"ಮೇಸ್ತ್ರಿ."

"ಯಾವ ಮೇಸ್ತ್ರಿ?"

"ಸತ್ತುಹೋದರಲ್ಲ, ಅವರೇ. ಅಂಗಡಿ ತೆಗೀತಾ ಇದ್ದೆ, ಗೇಟಿನ ಕಡೆ ಹೋಗ್ತಾ ನಿಂತರು. ಇವತ್ತು ಎಲ್ಲರದೂ ಪರೀಕ್ಷೆ ಆಗುತ್ತೆ ಅಕ್ಕ, ತಮ್ಮನಿಗೆ ಒಂದು ಬಾಟಲಿ ಕೊಟ್ಟು ಕಳಿಸು, ಪಾಪದ ಹುಡುಗ ಇದರಲ್ಲಿ ಸಿಕ್ಕಿಹಾಕಿಕೊಳ್ಳೋದು ಬೇಡ ಅಂದರು." ಅಕ್ಕ ನೆನಪನ್ನು ಕೆದಕುತ್ತ ಹುಬ್ಬು ಗಂಟಿಕ್ಕಿದಳು. "ಇದರಲ್ಲಿ ಅಂದರೆ ಯಾವುದರಲ್ಲಿ ಅಂತ ಕೇಳಿದೆ. ನನಗೆ ಆಗ ಅರ್ಥ ಆಗಲಿಲ್ಲ ಮೇಡಂ. ಹೆದರಬೇಡ, ಯಾರಿಗೂ ಏನೂ ಆಗಲ್ಲ, ಕೆಳಗೆ ಯಾರೂ ಇರದ ಹಾಗೆ ಮಾತಾಡಿಕೊಂಡಿದ್ದೀವಿ ಅಂದರು."

ಬ್ರೇಕು ಕೆಟ್ಟಿದೆ ಎಂದು ಎಷ್ಟು ಹೇಳಿದರೂ ಯಾರೂ ಕೇಳದಿದ್ದಾಗ, ಕೇಳುವಂತೆ ಮಾಡಲು ಆ ಮನುಷ್ಯ ಒಂದು ದಾರಿ ಹುಡುಕಿಕೊಂಡಿದ್ದ. ಖಾಲಿ ಜಾಗದಲ್ಲಿ ಒಂದು ಕಂಟೇನರ್ ಬೀಳಬೇಕು. ಸದ್ದಾಗಬೇಕು. ಯಾರ ಮೈಗೂ ತಾಗಬಾರದು. ಆದರೆ ಅದು ಬಿದ್ದಾಗ ಕೆಳಗೆ ನಿಂತಿದ್ದವನು ಅವನೇ. ತಾನೊಬ್ಬನೇ ಹೂಡಿದ್ದಾಗಿದ್ದರೆ ಅವನು ಅಲ್ಲಿ ಹೋಗಿ ನಿಲ್ಲುತ್ತಿದ್ದನೇ?

ಇನ್ಸ್‌ಪೆಕ್ಟರ್ ಅಕ್ಕನ ಹತ್ತಿರ ಬಂದಳು.

"ಅಕ್ಕ, ಚೆನ್ನಾಗಿ ನೆನಪು ಮಾಡ್ಕೊಂಡು ಹೇಳಿ. ಮಾತಾಡಿಕೊಂಡಿದ್ದೀನಿ ಅಂದರಾ, ಮಾತಾಡಿಕೊಂಡಿದ್ದೀವಿ ಅಂದರಾ?"

ಅಕ್ಕ ಕಣ್ಣು ಮುಚ್ಚಿ, ತುಟಿ ಅಲುಗಿಸಿ, ಆ ಮಾತನ್ನು ತನ್ನೊಳಗೇ ಮತ್ತೊಮ್ಮೆ ಆಡಿ ನೋಡಿದಳು.

"ದೀವಿ ಅಂದರು ಮೇಡಂ," ಎಂದಳು. "ಇಬ್ಬರು ಇದ್ದ ಹಾಗೆ."